ಹಿಮದ ಹಾದಿಯಲ್ಲೊಂದು ಮೈಖಾನಾ

ಉರ್ದು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಮೈಖಾನಾ ಎಂಬ ಪದ ಮದ್ಯದ ವಾಸನೆಗಿಂತ ಬಹಳ ಮೊದಲೇ ಪರಿಚಯವಾಗಿಬಿಡುತ್ತದೆ. ಗಜಲಿನ ಪಾಠದಲ್ಲಿ ಸಾಕಿ ಬರುತ್ತಾನೆ, ಜಾಮ್ ಬರುತ್ತದೆ, ಬಾಗಿಲಲ್ಲಿ ನಿಂತು ಒಳಗೆ ಹೋಗಲೋ ಬೇಡವೋ ಎಂದು ತಡವರಿಸುವ ಶೇಖ್ ಸಾಹೇಬರೂ ಬರುತ್ತಾರೆ. ನಮ್ಮ ಉಸ್ತಾದರು ಕನ್ನಡಕ ಸರಿಪಡಿಸಿಕೊಂಡು, "ಇಲ್ಲಿ ಮೈ ಎಂದರೆ ದೇವಪ್ರೇಮ, ಸಾಕಿ ಎಂದರೆ ಮುರ್ಷಿದ್, ಮೈಖಾನಾ ಎಂದರೆ ಖಾನ್ಖಾ. ಬರೆದುಕೊಳ್ಳಿ" ಎನ್ನುತ್ತಿದ್ದರು. ನಾವು ಬರೆದುಕೊಂಡೆವು. ಮದಿರೆಯ ಕಾವ್ಯಕ್ಕೇ ಹೆಸರಾದ ರಿಯಾಜ್ ಖೈರಾಬಾದಿ (1853–1934) ಜೀವಮಾನದಲ್ಲಿ ಒಂದು ತೊಟ್ಟು ಮದ್ಯವನ್ನೂ ಮುಟ್ಟಿದವರಲ್ಲವಂತೆ ಎಂಬುದನ್ನೂ ಅವರೇ ಹೇಳಿಕೊಟ್ಟರು.

ಆದರೆ ಶಾಲೆಯಿಂದ ಮನೆಗೆ ಬರುವ ಓಣಿಯ ತುದಿಯಲ್ಲಿ ಇನ್ನೊಂದು ಮೈಖಾನಾ ಇತ್ತು. ಅದನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅದು ಸಾರಾಯಿ ಅಂಗಡಿ. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಹರಿದು ನಿಂತಲ್ಲೇ ಬಾಯಿಗೆ ಸುರಿದುಕೊಳ್ಳುವವರ ನಡುವೆ ನಮ್ಮ ಖಾಲೂ ಕೂಡ ಇದ್ದರು. ನಮ್ಮ ಖಾಲಾ ಬೀಡಿ ಸುತ್ತಿ ಕೂಡಿಸಿಟ್ಟ ದುಡ್ಡು, ಕಿವಿಯ ಬಾಲಿಗಳು, ಕೊನೆಗೆ ನೀರು ತುಂಬುವ ತಾಮ್ರದ ಹಂಡೆ, ಎಲ್ಲವೂ ಆ ಓಣಿಯ ತುದಿಗೇ ಹೋದವು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ನಮ್ಮ ಓಣಿಯ ಹೆಂಗಸರು ಸಕ್ಕರೆ ಹಂಚಿದರು. ಕೆಲವೇ ದಿನಗಳಲ್ಲಿ ಕಡಿಮೆ ಬೆಲೆಯ ವಿಸ್ಕಿ ರಟ್ಟಿನ ಪೊಟ್ಟಣಗಳಲ್ಲಿ ಬಂತು, ಆ ಮಾತು ಬೇರೆ. ಹೀಗೆ ಒಂದು ಮೈಖಾನಾ ಪುಸ್ತಕದಲ್ಲಿ, ಇನ್ನೊಂದು ಓಣಿಯಲ್ಲಿ. ಇವೆರಡಕ್ಕೂ ಸೇರದ ಮೂರನೆಯದೊಂದನ್ನು ನಾವು ಕಂಡದ್ದು ಅಮೆರಿಕದ ಹಿಮದಲ್ಲಿ. ಅದು ಬಾಗಿಲು ಹಾಕಿ ಈಗ ಹದಿನೈದು ವರ್ಷಗಳ ಮೇಲಾಗಿದೆ. ಈ ಬರಹ ಅದರ ನೆನಪಿಗೆ.

ನಮ್ಮ ಮನೆಯವರ ಮೇಲುವ್ಯಾಸಂಗದ ಕಾರಣಕ್ಕೆ 2004ರಿಂದ ಎರಡು ಚಳಿಗಾಲ ನಾವು ಮಿಷಿಗನ್ ರಾಜ್ಯದ ಹೂಟನ್ ಎಂಬ ಊರಿನಲ್ಲಿದ್ದೆವು. ಮಿಷಿಗನ್ ಎಂದರೆ ಎಲ್ಲರಿಗೂ ನೆನಪಾಗುವುದು ಕಾರುಗಳ ಡೆಟ್ರಾಯಿಟ್. ಹೂಟನ್ ಇರುವುದು ಅದರಿಂದ ಸುಮಾರು 550 ಮೈಲಿ ದೂರದ ಮೇಲಿನ ಪರ್ಯಾಯ ದ್ವೀಪದಲ್ಲಿ, ಸುಪೀರಿಯರ್ ಸರೋವರದ ಮಗ್ಗುಲಲ್ಲಿ. ವಿಸ್ತೀರ್ಣದಲ್ಲಿ ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಸರೋವರವದು. ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಕಡಿಮೆ ಎನ್ನುವಷ್ಟು ನೀರು! ಕೆನಡಾ ಕಡೆಯಿಂದ ಬೀಸುವ ಒಣ ಶೀತಗಾಳಿ ಈ ನೀರಿನ ಮೇಲೆ ಹಾದು ಬರುವಾಗ ತೇವವನ್ನು ಹೀರಿಕೊಂಡು, ದಡದ ಗುಡ್ಡಗಳನ್ನು ಏರುತ್ತಲೇ ಅದನ್ನೆಲ್ಲ ಹಿಮವಾಗಿ ಸುರಿದುಬಿಡುತ್ತದೆ. 1978–79ರ ಚಳಿಗಾಲದಲ್ಲಿ ಪಕ್ಕದ ಕೀವಿನಾ ಕೌಂಟಿಯಲ್ಲಿ ಬಿದ್ದ ಹಿಮ 390.4 ಅಂಗುಲ. ಅಂದರೆ ಮೂವತ್ತೆರಡೂವರೆ ಅಡಿ. ಹೆದ್ದಾರಿಯ ಬದಿಯಲ್ಲಿ ಆ ದಾಖಲೆಯನ್ನು ತೋರಿಸುವ ಎತ್ತರದ ಅಳತೆಗಂಬವೊಂದನ್ನು ನಿಲ್ಲಿಸಿದ್ದಾರೆ. ಅದರ ತುದಿ ನೋಡಲು ತಲೆ ಎತ್ತಿದರೆ ಟೋಪಿ ಜಾರಿ ಹಿಂದಕ್ಕೆ ಬೀಳುತ್ತದೆ.

ಅದು ತಾಮ್ರದ ಸೀಮೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಇಂಗ್ಲೆಂಡಿನ ಕಾರ್ನ್‌ವಾಲ್, ಇಟಲಿ, ಕ್ರೊವೇಷಿಯಾ, ಫಿನ್ಲೆಂಡ್‌ಗಳಿಂದ ಹೊಟ್ಟೆಪಾಡಿಗೆ ಬಂದವರು ನೆಲ ಬಗೆದು ತಾಮ್ರ ತೆಗೆದರು. ಇಪ್ಪತ್ತನೆಯ ಶತಮಾನದಲ್ಲಿ ಗಣಿಗಳು ಒಂದೊಂದಾಗಿ ಮುಚ್ಚಿದವು. ಪೇನ್ಸ್‌ಡೇಲಿನ ಚಾಂಪಿಯನ್ ಗಣಿ 1967ರಲ್ಲಿ ನಿಂತಿತು. ಕ್ಯಾಲುಮೆಟ್ ಮತ್ತು ಹೆಕ್ಲಾ ಕಂಪನಿಯ ಗಣಿಗಳು 1968ರ ಮುಷ್ಕರದ ನಂತರ ಮತ್ತೆ ತೆರೆಯಲಿಲ್ಲ. ಅದಿರು ಇಲ್ಲದ ಮೇಲೆ ರೈಲಿಗೇನು ಕೆಲಸ? ಕಾಪರ್ ರೇಂಜ್ ರೈಲ್ವೆಯ ಹಳಿಗಳನ್ನು ಕಿತ್ತುಹಾಕಿದರು. ಉಳಿದ ಖಾಲಿ ದಿಣ್ಣೆಯೇ ಇಂದು ಹೂಟನ್ನಿನಿಂದ ಮಾಸ್ ಸಿಟಿಯವರೆಗೆ ಸುಮಾರು 40 ಮೈಲಿ ಉದ್ದದ ಬಿಲ್ ನಿಕಲ್ಸ್ ಹಾದಿ. ಚಳಿಗಾಲದಲ್ಲಿ ಅದು ಸ್ನೋಮೊಬೈಲುಗಳ ರಾಜಮಾರ್ಗ. ಆ ದಾರಿಯಲ್ಲಿ ತೊಯ್ವೊಲಾ ಎಂಬ ಸಣ್ಣ ಊರೊಂದಿದೆ. ಫಿನ್ನಿಷ್ ಭಾಷೆಯಲ್ಲಿ ತೊಯ್ವೊ ಎಂದರೆ ಭರವಸೆ. ಉರ್ದುವಿನಲ್ಲಾದರೆ ಉಮ್ಮೀದಾಬಾದ್ ಎನ್ನಬಹುದಿತ್ತು ಎಂದು ನಾವು ನಗುತ್ತಿದ್ದೆವು.

ಸ್ನೋಮೊಬೈಲ್ ನೋಡದವರಿಗೆ ಹೇಳಬೇಕೆಂದರೆ, ಅದು ಹಿಮದ ಮೇಲಿನ ಮೋಟಾರ್ ಸೈಕಲ್ಲು. ಮುಂದೆ ಚಕ್ರದ ಬದಲು ಎರಡು ಜಾರುಹಲಗೆ, ಹಿಂದೆ ಟ್ಯಾಂಕಿನದರಂಥ ರಬ್ಬರಿನ ಪಟ್ಟಿ. ವಿಸ್ಕಾನ್ಸಿನ್ ರಾಜ್ಯದ ಸೇನರ್ ಎಂಬ ಹಳ್ಳಿಯ ಕಾರ್ಲ್ ಎಲಿಯಸನ್ 1924ರಲ್ಲಿ ಅಂಥದೊಂದನ್ನು ಕಟ್ಟಿದ. ಕಾಲಿನ ತೊಂದರೆಯಿಂದ ಹಿಮದಲ್ಲಿ ಗೆಳೆಯರ ಸಮಕ್ಕೆ ನಡೆಯಲಾಗದವನ ಹಟ ಅದು. ಕೆನಡಾದ ಕ್ವಿಬೆಕ್‌ನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆಯ ಕತೆ ಇನ್ನೂ ಕರುಣಾಜನಕ. 1934ರ ಚಳಿಗಾಲದಲ್ಲಿ ಆತನ ಎರಡು ವರ್ಷದ ಮಗನಿಗೆ ಹೊಟ್ಟೆನೋವು ವಿಷಮಿಸಿತು. ರಸ್ತೆಗಳೆಲ್ಲ ಹಿಮದಡಿ ಮುಚ್ಚಿ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹುಡುಗನಾಗಿದ್ದಾಗಿನಿಂದ ಹಿಮವಾಹನದ ಬೆನ್ನು ಹತ್ತಿದ್ದ ಆ ತಂದೆ ಆಮೇಲೆ ಅದನ್ನು ಬಿಡಲಿಲ್ಲ. 1937ರಲ್ಲಿ ಪೇಟೆಂಟ್ ಪಡೆದ, 1959ರಲ್ಲಿ ‘ಸ್ಕಿ-ಡೂ’ ಎಂಬ ಹಗುರ ಗಾಡಿಯನ್ನು ಮಾರುಕಟ್ಟೆಗೆ ತಂದ. ಇಂದು ಶ್ರೀಮಂತರ ಮೋಜಿನಂತೆ ಕಾಣುವ ಈ ಯಂತ್ರದ ಹಿಂದೆ ಆ ಒಂದು ಸಾವು ಇದೆ. ಹಿಮದಲ್ಲಿ ಸಿಕ್ಕಿಕೊಂಡವರು ಹೇಗಾದರೂ ಒಂದು ಬಾಗಿಲು ತಲುಪಬೇಕು ಎಂಬುದೇ ಅದರ ಮೂಲ ಉದ್ದೇಶ.

ಆ ಬಾಗಿಲುಗಳೇ ಟ್ಯಾವರ್ನ್‌ಗಳು. ಹೂಟನ್ ಬಿಟ್ಟರೆ ಮೈಲಿಗಟ್ಟಲೆ ಬರ್ಚ್, ಮೇಪಲ್ ಮರಗಳ ಕಾಡು. ಅಲ್ಲಲ್ಲಿ ಕಾಡಿನ ನಡುವೆ ಒಂಟಿ ಮರದ ಮನೆ. ಮುಂದೆ ಪೆಟ್ರೋಲು ಪಂಪು, ಕಿಟಕಿಯಲ್ಲಿ ಬಿಯರಿನ ದೀಪ. ಒಳಗೆ ಸೌದೆಯ ಒಲೆ, ಬಿಸಿ ಸೂಪು, ಟೆಲಿಫೋನು. ಕುಡಿಯುವವನಿಗೆ ಅದು ಹೆಂಡದಂಗಡಿ, ಹಸಿದವನಿಗೆ ಊಟದ ಮನೆ, ಕೈಬೆರಳು ಮರಗಟ್ಟಿದವನಿಗೆ ಮುಸಾಫಿರ್‌ಖಾನೆ. ಎರಡು ಚಳಿಗಾಲ ಇಂಥ ಮನೆಗಳ ಮುಂದೆ ನಾವು ಹಾದುಹೋಗಿದ್ದೆವು, ಒಳಗೆ ಕಾಲಿಡುವ ಪ್ರಸಂಗ ಒಮ್ಮೆ ಮಾತ್ರ ಬಂತು.

2005ರ ಜನವರಿಯಲ್ಲಿ ಬಕ್ರೀದ್. ಮಿನಿಯಾಪೊಲಿಸ್‌ನಲ್ಲಿದ್ದ ನೆಂಟರ ಮನೆಯಲ್ಲಿ ಹಬ್ಬ ಮುಗಿಸಿ ಕಾರಿನಲ್ಲಿ ಹೂಟನ್ನಿಗೆ ಮರಳುತ್ತಿದ್ದೆವು. ಅಲ್ಲಿ ಸೋಮಾಲಿಯಾದ ಮುಸ್ಲಿಮರು ಬಹಳ ಮಂದಿ ನೆಲೆಸಿರುವುದರಿಂದ ಕುರ್ಬಾನಿಗೆ ತೊಂದರೆಯಿಲ್ಲ. ಹಿಂದಿನ ಸೀಟಿನಲ್ಲಿ ನಮ್ಮ ಒಂದೂವರೆ ವರ್ಷದ ಮಗಳು, ಅವಳ ಪಕ್ಕದಲ್ಲಿ ದೊಡ್ಡ ಡಬರಿಯ ತುಂಬ ಬಿರಿಯಾನಿ. ಏಳು ಗಂಟೆಯ ದಾರಿಯಲ್ಲಿ ಆರು ಗಂಟೆ ಸುಸೂತ್ರವಾಗಿ ಕಳೆಯಿತು. ಮಾಸ್ ಸಿಟಿ ದಾಟಿದ ಮೇಲೆ ಸರೋವರದ ಗಾಳಿ ಎದ್ದಿತು. ಗಾಜಿನ ಮುಂದೆ ಬಿಳಿ ಪರದೆ ಇಳಿಬಿಟ್ಟಂತಾಗಿ ರಸ್ತೆ, ಮರ, ಆಕಾಶ ಎಲ್ಲವೂ ಒಂದೇ ಬಣ್ಣವಾದವು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ನಡೆಯುವ ವೇಗದಲ್ಲಿ ಕಾರು ಸಾಗುತ್ತಿತ್ತು. ಆಯತುಲ್ ಕುರ್ಸಿ ಎಷ್ಟು ಸಲ ಓದಿದೆವೋ ಲೆಕ್ಕವಿಲ್ಲ. ಆಗ ಎಡಗಡೆ ಹಿಮದೊಳಗೆ ಮಸುಕಾದ ನೀಲಿ ದೀಪವೊಂದು ಕಂಡಿತು. ಹತ್ತಿರ ಹೋದರೆ ಅದು ಬಿಯರ್ ಕಂಪನಿಯೊಂದರ ಹೆಸರು!

ಕಾರಿನೊಳಗೆ ನಾವಿಬ್ಬರೂ ಒಂದು ಗಳಿಗೆ ಸುಮ್ಮನೆ ಕುಳಿತೆವು. ಮದ್ಯ ಹರಿದಾಡುವ ದಸ್ತರಖಾನಿನ ಬಳಿ ಕೂರಬಾರದು ಎಂದು ಕಲಿತು ಬೆಳೆದವರು ನಾವು. ಖಾಲಾರ ಖಾಲಿ ಕಿವಿ ಕಣ್ಣಮುಂದೆ ಬಂತು. ಅಷ್ಟರಲ್ಲಿ ಬಾಗಿಲು ತೆರೆದು, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡ ಎಪ್ಪತ್ತರ ಮುದುಕಿಯೊಬ್ಬರು ಸಲಿಕೆಯಿಂದ ಹಿಮ ಸರಿಸುತ್ತ ಕಾರಿನವರೆಗೆ ದಾರಿ ಮಾಡಿಕೊಂಡು ಬಂದರು. ಗಾಜಿಗೆ ಮುಖವಿಟ್ಟು ನೋಡಿ, "ಮಗು ಇದೆಯಲ್ಲ! ಏನು ಯೋಚನೆ ಮಾಡುತ್ತಿದ್ದೀರಿ? ಒಳಗೆ ಬನ್ನಿ" ಎಂದು ಗದರಿದರು. ಗಜಲಿನ ಸಾಕಿಗೂ ಇವರಿಗೂ ಎತ್ತಣಿಂದೆತ್ತ ಸಂಬಂಧ!

ಒಳಗೆ ಹನ್ನೆರಡು ಹದಿಮೂರು ಮಂದಿ ಸ್ನೋಮೊಬೈಲ್ ಸವಾರರಿದ್ದರು. ಒಲೆಯ ಸುತ್ತ ಸಾಲಾಗಿ ಒಣಹಾಕಿದ ಕೈಗವಸುಗಳು, ಒದ್ದೆ ಉಣ್ಣೆಯ ಮತ್ತು ಎಂಜಿನ್ ಎಣ್ಣೆಯ ವಾಸನೆ, ಗೋಡೆಯ ಮೇಲೆ ಜಿಂಕೆಯ ತಲೆ. ಹಿಜಾಬ್ ತೊಟ್ಟವರನ್ನು ಅವರು ಬಹುಶಃ ಟೀವಿಯಲ್ಲಿ ಮಾತ್ರ ಕಂಡಿದ್ದರು. ಆಗ ಇರಾಕ್ ಯುದ್ಧ ನಡೆಯುತ್ತಿತ್ತು, ಟೀವಿಯಲ್ಲಿ ನಮ್ಮಂಥವರು ಯಾವ ಸುದ್ದಿಯ ಜೊತೆ ಬರುತ್ತಿದ್ದೆವೆಂದು ಬಿಡಿಸಿ ಹೇಳಬೇಕಿಲ್ಲ. ಮಾತು ಒಮ್ಮೆಲೇ ನಿಂತಿತು. ಮುದುಕಿ ಯಾರಿಗೋ, "ನೀನು ಎದ್ದು ಅತ್ತ ಕೂತುಕೋ, ಇವರಿಗೆ ಒಲೆ ಹತ್ತಿರದ ಮೇಜು ಬೇಕು" ಎಂದರು. ಆತ ಲೋಟ ಎತ್ತಿಕೊಂಡು ಹೋದ. ಮಾತು ಮತ್ತೆ ಶುರುವಾಯಿತು. ಆ ಮೇಜನ್ನು ಆಕೆ ಬಿಸಿನೀರಿನಲ್ಲಿ ಎರಡು ಬಾರಿ ಒರೆಸಿದರು. "ನೀವು ಕುಡಿಯುವವರಲ್ಲ, ಗೊತ್ತಾಯಿತು. ಇನ್ನೇನು ಮುಟ್ಟುವುದಿಲ್ಲ ಹೇಳಿ" ಎಂದು ಕೇಳಿ, ಹಂದಿಯ ಕೊಬ್ಬು ತಾಗದ ಹೊಸ ಪಾತ್ರೆ ಹುಡುಕಿ ಮೊಟ್ಟೆ, ಆಲೂಗಡ್ಡೆ ಬೇಯಿಸಿಕೊಟ್ಟರು. ಮಗಳಿಗೆ ಬಿಸಿ ಹಾಲು.

ನಮಾಜಿನ ಹೊತ್ತಾಗಿತ್ತು. ಕೇಳಲು ಸಂಕೋಚಪಟ್ಟು, ಕೊನೆಗೆ ನಮ್ಮ ಮನೆಯವರು ಈಶಾನ್ಯ ಯಾವ ಕಡೆ ಎಂದು ಮಾತ್ರ ವಿಚಾರಿಸಿದರು. ನಮ್ಮೂರಿನಲ್ಲಿ ಪಡುವಣಕ್ಕಿರುವ ಕಿಬ್ಲಾ ಆ ಸೀಮೆಯಿಂದ ಈಶಾನ್ಯಕ್ಕೆ. ಆಕೆಗೆ ಅರ್ಥವಾಯಿತು. ಹಿಂಬದಿಯ ತಮ್ಮ ಮಲಗುವ ಕೋಣೆಗೆ ಕರೆದೊಯ್ದು, ಒಗೆದ ಚಾದರವೊಂದನ್ನು ನೆಲಕ್ಕೆ ಹಾಸಿದರು. ಗೋಡೆಯ ಮೇಲಿನ ಶಿಲುಬೆಯನ್ನು ತೋರಿಸಿ, "ಇದನ್ನು ತೆಗೆದಿಡಲೇ?" ಎಂದರು. ಬೇಡ, ನಾವು ತಿರುಗಿ ನಿಲ್ಲುವುದು ಬೇರೆ ಕಡೆಗೆ ಎಂದೆವು. ಮುಸಾಫಿರರಿಗೆ ಇಶಾದ ಫರ್ಜ್ ಎರಡೇ ರಕಅತ್. ಆ ಎರಡು ರಕಅತ್‌ಗಳ ತುಂಬ ಗೋಡೆಯಾಚೆಯಿಂದ ಲೋಟಗಳ ಸದ್ದು ಕೇಳುತ್ತಿತ್ತು.

ಕುರ್ಬಾನಿಯಲ್ಲಿ ಒಂದು ಪಾಲು ಬಡವರದು, ಒಂದು ಪಾಲು ನೆಂಟರು ನೆರೆಹೊರೆಯವರದು, ಒಂದು ಪಾಲು ಮನೆಯದು. ಆ ರಾತ್ರಿ ನಮ್ಮ ನೆರೆಹೊರೆ ಯಾರು? ಕಾರಿನಿಂದ ಡಬರಿ ತಂದು ಆಕೆಯ ಅಡುಗೆಮನೆಯಲ್ಲಿ ಬಿಸಿ ಮಾಡಿದೆವು. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಆ ಹದಿಮೂರು ಮಂದಿಯೂ ತಿಂದರು. ಏನು ಹಬ್ಬ ಎಂದು ಕೇಳಿದವನೊಬ್ಬನಿಗೆ ನಮ್ಮ ಮನೆಯವರು ಇಬ್ರಾಹಿಂ ಪೈಗಂಬರರ ಕತೆ ಹೇಳತೊಡಗಿದರೆ ಆತ ನಡುವೆಯೇ, "ಅದು ನಮ್ಮ ಅಬ್ರಹಾಮನದೇ ಕತೆ" ಎಂದು ಉಳಿದದ್ದನ್ನು ತಾನೇ ಪೂರೈಸಿದ.

ಆ ರಾತ್ರಿ ನಮ್ಮ ಕಣ್ಣಿಗೆ ಬಿದ್ದ ಒಂದು ವಸ್ತು ಗಲ್ಲಾದ ಪಕ್ಕದ ಕಪ್ಪು ರಟ್ಟಿನ ಪುಸ್ತಕ. ನಮ್ಮ ಅಂಗಡಿಗಳ ಉದ್ರಿ ಪುಸ್ತಕದಂತೆಯೇ ಇತ್ತು. ಆದರೆ ಅದರಲ್ಲಿ ಬರೆದದ್ದು ಸಾಲವಲ್ಲ. ಹೊರಟ ಪ್ರತಿಯೊಬ್ಬ ಸವಾರನ ಹೆಸರು, ಹೊರಟ ಹೊತ್ತು, ಹೋಗುವ ಊರು. ಮುಂದಿನ ಟ್ಯಾವರ್ನಿನಿಂದ ಫೋನ್ ಬಂದರೆ ಹೆಸರಿನ ಮುಂದೆ ಒಂದು ಗೀಟು. ಗೀಟು ಬೀಳದ ಹೆಸರು ಒಂದಿದ್ದರೂ ಆಕೆ ಕಿಟಕಿಯ ದೀಪ ಆರಿಸುತ್ತಿರಲಿಲ್ಲ. ಹೆಚ್ಚು ಕುಡಿದವನ ಗಾಡಿಯ ಕೀಲಿ ಆಕೆಯ ಏಪ್ರನ್ನಿನ ಜೇಬಿಗೆ ಹೋಗುತ್ತಿತ್ತು. ಬೆಳಿಗ್ಗೆ ಕಾಫಿ ಕುಡಿಸಿಯೇ ವಾಪಸು ಕೊಡುವುದು. ಸ್ನೋಮೊಬೈಲ್ ಅಪಘಾತದ ಸಾವುಗಳಲ್ಲಿ ಕುಡಿತದ ಪಾಲು ದೊಡ್ಡದು. ಅದನ್ನು ಆಕೆಯೂ ಮುಚ್ಚಿಡಲಿಲ್ಲ. "ಎರಡು ಹೆಸರುಗಳಿಗೆ ಗೀಟು ಎಳೆಯಲಾಗಲಿಲ್ಲ" ಎಂದಷ್ಟೇ ಹೇಳಿ ಒಲೆಗೆ ಸೌದೆ ಹಾಕಿದರು. ಆಕೆ ಸ್ವತಃ ಕುಡಿಯುತ್ತಿರಲಿಲ್ಲ, ದಿನವಿಡೀ ಕಾಫಿ. ಅಜ್ಜಿ ಫಿನ್ನಿಷ್ ಪಾನವಿರೋಧಿ ಸಂಘದವರಾಗಿದ್ದರಂತೆ. ಆ ಸೀಮೆಯ ಫಿನ್ನಿಷರಲ್ಲಿ ಆ ಚಳವಳಿ ಬಲವಾಗಿತ್ತು. ಹೂಟನ್ನಿನ ಎದುರು ದಡದ ಹ್ಯಾನ್‌ಕಾಕ್‌ನಲ್ಲಿ 1885ರಲ್ಲೇ ಅವರು ‘ಧ್ರುವತಾರೆ’ ಎಂಬರ್ಥದ ಹೆಸರಿನ ಸಂಘ ಕಟ್ಟಿದ್ದರು. ಗಣಿಯ ಕೂಲಿಯೆಲ್ಲ ಸಲೂನುಗಳಿಗೆ ಹರಿದುಹೋಗುವುದನ್ನು ಕಂಡ ಹೆಂಗಸರ ಸಂಕಟ ನಮ್ಮ ಓಣಿಯ ಹೆಂಗಸರದೇ. "ಅಜ್ಜಿ ಬದುಕಿದ್ದರೆ ಈ ಬಾಗಿಲೊಳಗೆ ಬರುತ್ತಿರಲಿಲ್ಲ" ಎಂದು ಆಕೆ ನಕ್ಕರು. ಖಾಲಾ ಕೂಡ ಬರುತ್ತಿರಲಿಲ್ಲ.

ಬೆಳಿಗ್ಗೆ ಹಿಮ ಸರಿಸುವ ಲಾರಿ ರಸ್ತೆ ತೆರೆದ ಮೇಲೆ ಹೊರಟೆವು. ದುಡ್ಡು ತೆಗೆದುಕೊಳ್ಳಲಿಲ್ಲ. ಪುಸ್ತಕದಲ್ಲಿ ನಮ್ಮ ಹೆಸರುಗಳನ್ನೂ ಬರೆಸಿಕೊಂಡು, "ಮನೆ ಮುಟ್ಟಿದ ಕೂಡಲೇ ಫೋನ್ ಮಾಡಿ, ಮರೆತರೆ ನನಗೆ ನಿದ್ದೆ ಬರುವುದಿಲ್ಲ" ಎಂದರು. ಮಾಡಿದೆವು. ಎರಡು ಈದುಗಳಿಗೆ ಕಾಗದವನ್ನೂ ಬರೆದೆವು.

ಊರಿಗೆ ಮರಳಿದ ಮೇಲೆ, 2008ರ ಚಳಿಗಾಲ ಮುಗಿಯುತ್ತಲೇ ಆಕೆ ಬಾಗಿಲು ಹಾಕಿದರೆಂದು ಹೂಟನ್ನಿನ ಗೆಳೆಯರಿಂದ ತಿಳಿಯಿತು. ದೊಡ್ಡ ಕಾರಣವೇನೂ ಇಲ್ಲ. ಮಂಡಿನೋವು, ಮುಂದುವರಿಸುವ ಮಕ್ಕಳಿಲ್ಲ. ಗಣಿ ಮುಚ್ಚಿದ ಸೀಮೆಯಲ್ಲಿ ಹುಡುಗರು ಉಳಿಯುವುದಿಲ್ಲ. 2019ರ ಬೇಸಿಗೆಯಲ್ಲಿ ಮತ್ತೆ ಆ ಕಡೆ ಹೋಗುವ ಅವಕಾಶ ಸಿಕ್ಕಿತು. ಹಿಂದಿನ ವರ್ಷ, 2018ರ ಜೂನ್ 17ರಂದು ಸುರಿದ ಮಳೆಗೆ ಹೂಟನ್ ಸುತ್ತಿನ ರಸ್ತೆಗಳೂ ಹಳೆಯ ಹಾದಿಗಳೂ ಅನೇಕ ಕಡೆ ಕೊಚ್ಚಿಹೋಗಿದ್ದವು. ಟ್ಯಾವರ್ನಿನ ಚಾವಣಿ ಹಿಮದ ಭಾರಕ್ಕೆ ನಡುವೆ ಕುಸಿದಿತ್ತು. ಒಲೆಯಿದ್ದ ಜಾಗದಲ್ಲಿ ಬರ್ಚ್ ಗಿಡವೊಂದು ಆಳೆತ್ತರ ಬೆಳೆದಿತ್ತು. ಕಿಟಕಿಯಲ್ಲಿ ದೀಪದ ತಂತಿ ಮಾತ್ರ ಜೋತಾಡುತ್ತಿತ್ತು. ಹದಿನಾರಕ್ಕೆ ಕಾಲಿಡುತ್ತಿದ್ದ ಮಗಳು, "ಇದೇನಾ?" ಎಂದಳು. ಹೌದು, ಇದೇ.

ಆ ಸೀಮೆಯಲ್ಲಿ ಮುಚ್ಚಿದ್ದು ಅದೊಂದೇ ಅಲ್ಲ. 1896ರಲ್ಲಿ ಫಿನ್ನಿಷರು ಹ್ಯಾನ್‌ಕಾಕ್‌ನಲ್ಲಿ ಕಟ್ಟಿದ ಕಾಲೇಜು 2023ರಲ್ಲಿ ಬಾಗಿಲು ಹಾಕಿತು. 2023–24ರ ಚಳಿಗಾಲವಂತೂ ಅಮೆರಿಕದ ದಾಖಲೆಯಲ್ಲೇ ಅತ್ಯಂತ ಬೆಚ್ಚಗಿನದು. ಹಿಮವೇ ಇಲ್ಲದೆ ಆ ಭಾಗದ ಪ್ರಸಿದ್ಧ ನಾಯಿಬಂಡಿ ಓಟ ರದ್ದಾಯಿತು, ಸ್ನೋಮೊಬೈಲಿಗರನ್ನೇ ನಂಬಿದ ಅಂಗಡಿಗಳಿಗೆ ಸರಕಾರ ಕಡಿಮೆ ಬಡ್ಡಿಯ ಸಾಲ ನೀಡಬೇಕಾಯಿತು. ಮೂವತ್ತೆರಡೂವರೆ ಅಡಿ ಹಿಮ ಬಿದ್ದ ನೆಲದಲ್ಲಿ ಹಿಮಕ್ಕೆ ಬರ!

ಟ್ಯಾವರ್ನ್ ಮುಚ್ಚಿದ್ದಕ್ಕೆ ಮುಸ್ಲಿಮ್ ಹೆಣ್ಣುಮಗಳೊಬ್ಬಳು ಮರುಗುವುದೇ ಎಂದು ಓದುಗರು ಕೇಳಬಹುದು. ಅಲ್ಲಿ ಮಾರಾಟವಾಗುತ್ತಿದ್ದ ವಸ್ತುವಿನ ಬಗ್ಗೆ ನಮ್ಮ ಅಭಿಪ್ರಾಯ ಒಂದಿಷ್ಟೂ ಬದಲಾಗಿಲ್ಲ. ಖಾಲಾರ ಹಂಡೆಯನ್ನು ಮರೆಯುವುದು ಸಾಧ್ಯವಿಲ್ಲ. ಆ ವಸ್ತುವಿಗಂತೂ ಕೊರತೆಯೂ ಆಗಿಲ್ಲ. ಹೂಟನ್ನಿನ ಯಾವುದೇ ದಿನಸಿ ಅಂಗಡಿಯಲ್ಲಿ ಪೆಟ್ಟಿಗೆಗಟ್ಟಲೆ ಸಿಗುತ್ತದೆ. ಹೋದದ್ದು ಆ ಕಪ್ಪು ಪುಸ್ತಕ, ಗೀಟು ಬೀಳುವವರೆಗೆ ಆರದ ಆ ದೀಪ. ಅವಕ್ಕೂ ಮದ್ಯಕ್ಕೂ ಏನು ಸಂಬಂಧ? ಅವು ಬೇರೆಡೆ ಇರಬಾರದೆಂದು ಯಾವ ಶರೀಅತ್ ಹೇಳಿದೆ? ಮುಸಾಫಿರನ ಹಕ್ಕನ್ನು ಕುರ್‌ಆನ್ ತಂದೆತಾಯಿ, ಅನಾಥ, ಬಡವರ ಹಕ್ಕುಗಳ ಸಾಲಿನಲ್ಲೇ ಇಟ್ಟಿದೆ. ಜಕಾತಿನ ಎಂಟು ಪಾಲುದಾರರಲ್ಲಿ ಆತನೂ ಒಬ್ಬ. ಒಂದು ಕಾಲಕ್ಕೆ ನಮ್ಮ ಸುಲ್ತಾನರೂ ಸೂಫಿಗಳೂ ದಾರಿಯುದ್ದಕ್ಕೂ ಸರಾಯಿಗಳನ್ನು, ಲಂಗರುಗಳನ್ನು ನಡೆಸಿದ್ದು ಸುಮ್ಮನೆ ಅಲ್ಲ.

ನಮ್ಮ ಊರು ತುಮಕೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಬದಿಗಿದೆ. ರಾತ್ರಿಯಿಡೀ ಲಾರಿಗಳು, ಬಸ್ಸುಗಳು. ಕೆಟ್ಟು ನಿಂತ ಗಾಡಿಯ ಪಕ್ಕದಲ್ಲಿ ಮಗುವನ್ನೆತ್ತಿಕೊಂಡು ನಿಂತ ಹೆಂಗಸರನ್ನು ಎಷ್ಟೋ ಸಲ ಕಂಡಿದ್ದೇವೆ. ಆ ಹೊತ್ತಿನಲ್ಲಿ ದೀಪ ಉರಿಯುವುದು ಬಾರುಗಳಲ್ಲಿ ಮಾತ್ರ, ಅವರು ಅಲ್ಲಿಗೆ ಹೋಗುವ ಹಾಗಿಲ್ಲ. ಹೆದ್ದಾರಿಗೆ ಹೊಂದಿಕೊಂಡೇ ಮಸೀದಿಯೊಂದಿದೆ. ಅಮೃತಶಿಲೆಯ ನೆಲ, ಒಳ್ಳೆಯ ನೀರು. ಇಶಾ ಮುಗಿದ ಅರ್ಧ ಗಂಟೆಗೆ ಗೇಟಿಗೆ ಬೀಗ. ಅದರ ಅಂಗಳದ ಒಂದು ಕೋಣೆ, ಒಂದು ಶೌಚಾಲಯವನ್ನು ರಾತ್ರಿ ಮುಸಾಫಿರರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ತೆರೆದಿಡಬೇಕು, ಗೇಟಿನ ಮೇಲೊಂದು ದೀಪ ಹಾಕಬೇಕು ಎಂದು ಮೊಹಲ್ಲಾದ ಹದಿನೇಳು ಹೆಂಗಸರು ಸಹಿ ಹಾಕಿ ಕಮಿಟಿಗೆ ಅರ್ಜಿ ಕೊಟ್ಟಿದ್ದೇವೆ. ಕಳ್ಳರ ಭಯವಿದೆ ಎಂದು ಒಬ್ಬರು ಹೇಳಿದರಂತೆ. ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಎಂದು ಇನ್ನೊಬ್ಬರು. ಬಿಲ್ಲನ್ನು ನಾವೇ ಕಟ್ಟುತ್ತೇವೆಂದು ಬರೆದು ಎರಡನೆಯ ಅರ್ಜಿ ಕೊಟ್ಟಿದ್ದೇವೆ. ಮುಂದಿನ ಜುಮಾದ ನಂತರ ಕಮಿಟಿ ಸೇರಲಿದೆಯಂತೆ.